ಕಾಫಿ ಗುಡ್ಡದ ಸಮಾಧಿಗಳು

ಪ್ರಶ್ನೆ: ಸಿಂಗಪುರದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಬುಕಿತ್ ಬ್ರೌನ್ ಎಂಬ ಕಾಡುಗುಡ್ಡದಲ್ಲಿ ಚೀನೀಯರ ಹಳೆಯ ಸಮಾಧಿಗಳನ್ನು ಕಂಡೆವು. ಒಂದರ ಮುಂದೆ ಪೇಟ ಸುತ್ತಿದ ಸಿಖ್ ಕಾವಲುಗಾರರ ಪ್ರತಿಮೆಗಳಿದ್ದವು. ಸಮಾಧಿಗೆ ಗುಡ್ಡವೇ ಏಕೆ? ಅಲ್ಲಿಗೆ ಸಿಖ್ಖರು ಹೇಗೆ ಬಂದರು?
– ಓದುಗರೊಬ್ಬರು, ಕೊಪ್ಪ

ಉತ್ತರ: ಮಲಯ ಭಾಷೆಯಲ್ಲಿ ಬುಕಿತ್ ಎಂದರೆ ಗುಡ್ಡ. ಬ್ರೌನ್ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿದ್ದ ಹಡಗು ವ್ಯಾಪಾರಿ ಜಾರ್ಜ್ ಹೆನ್ರಿ ಬ್ರೌನನ ಹೆಸರು. ಆತ ಅಲ್ಲಿ ಕಾಫಿ ಬೆಳೆಯಲು ಹೊರಟು ಕೈಸೋತನೆಂದು ಹೇಳುತ್ತಾರೆ. ಹೊಕ್ಕಿಯನ್ ಮಾತನಾಡುವ ಚೀನೀಯರು ಆ ಜಾಗವನ್ನು ಕರೆದದ್ದು 'ಕೋಪಿ ಸುವಾ' ಎಂದು. ಅದು 'ಕಾಫಿ ಗುಡ್ಡ' ಎಂದು ಕೊಪ್ಪದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಓಂಗ್ ಮನೆತನದವರು ಕೊಂಡು ತಮ್ಮವರ ರುದ್ರಭೂಮಿಯಾಗಿ ಇಟ್ಟುಕೊಂಡಿದ್ದ ಆ ನೆಲದಲ್ಲಿ ಒಂದು ಭಾಗವನ್ನು 1919ರಲ್ಲಿ ಬ್ರಿಟಿಷ್ ಆಡಳಿತ ವಶಪಡಿಸಿಕೊಂಡು, 1922ರ ಜನವರಿ 1ರಂದು ಎಲ್ಲ ಚೀನೀಯರಿಗಾಗಿ ತೆರೆಯಿತು. ಮೊದಮೊದಲು ಜನ ಅತ್ತ ಸುಳಿಯಲಿಲ್ಲ; ಕೊಡುತ್ತಿದ್ದ ಜಾಗ ತೀರ ಚಿಕ್ಕದಾಗಿತ್ತು.

ಗುಡ್ಡವೇ ಏಕೆಂಬುದಕ್ಕೆ ಉತ್ತರ ಚೀನೀಯರ ವಾಸ್ತು ಪದ್ಧತಿಯಾದ 'ಫೆಂಗ್ ಶುಯಿ'ಯಲ್ಲಿದೆ. ಬೆನ್ನಿಗೆ ಎತ್ತರದ ಆಸರೆ, ಎದುರಿಗೆ ತಗ್ಗು ಅಥವಾ ನೀರು ಇರುವ ನೆಲೆಯಲ್ಲಿ ಹಿರಿಯರು ನೆಮ್ಮದಿಯಾಗಿದ್ದರೆ ಸಂತತಿಯೂ ಏಳಿಗೆಯಾಗುತ್ತದೆಂಬುದು ಅವರ ನಂಬಿಕೆ. ಧರೆ ಕಡಿದು, ಮುಂದಿನ ತೋಟ ಗದ್ದೆಗಳಿಗೆ ಮುಖ ಮಾಡಿ ಮನೆ ಕಟ್ಟುವ ಮಲೆನಾಡಿಗರಿಗೆ ಈ ನೆಲೆಯ ವಿನ್ಯಾಸ ಹೊಸದೆನಿಸಲಾರದು, ಕಾರಣಗಳು ಬೇರೆಯಾದರೂ. ಕುದುರೆ ಲಾಳದಂತೆ ಬಾಗಿದ ಗೋಡೆ ಸಮಾಧಿಯನ್ನು ಹಿಂದಿನಿಂದ ಬಳಸಿರುತ್ತದೆ. ಶಿಲೆಯ ಮೇಲೆ ಸತ್ತವರ ಹೆಸರಿನೊಂದಿಗೆ ಚೀನಾದಲ್ಲಿನ ಮೂಲ ಊರಿನ ಹೆಸರನ್ನೂ ಕೆತ್ತುವುದು ವಾಡಿಕೆ.

ಸಿಖ್ಖರು ಅಲ್ಲಿ ಪೊಲೀಸರಾಗಿಯೂ ಸಿರಿವಂತರ ಮನೆ ಮತ್ತು ಉಗ್ರಾಣಗಳ ಕಾವಲುಗಾರರಾಗಿಯೂ ಹೆಸರಾಗಿದ್ದರು. ಬದುಕಿದ್ದಾಗ ಬಾಗಿಲು ಕಾದವರೇ ಸತ್ತ ಮೇಲೂ ಕಾಯಲಿ ಎಂದು ಕೆಲವು ಮನೆತನಗಳು ಅವರ ಪ್ರತಿಮೆಗಳನ್ನು ಮಾಡಿಸಿದವು. ಅವುಗಳ ಕೈಯಲ್ಲಿ ಬಂದೂಕವನ್ನೂ ಕೊಟ್ಟಿರುವುದನ್ನು ನೀವು ಗಮನಿಸಿರಬಹುದು.

ಇಲ್ಲಿ ಶವ ಹೂಳುವುದು 1973ರಲ್ಲಿ ನಿಂತಿತು. ಅಷ್ಟರಲ್ಲಿ ಸುಮಾರು ಒಂದು ಲಕ್ಷ ಸಮಾಧಿಗಳಾಗಿದ್ದವು. ಗುಡ್ಡದ ನಡುವೆ ಹೆದ್ದಾರಿ ಹಾಯಿಸುವುದಾಗಿ 2011ರಲ್ಲಿ ಸರ್ಕಾರ ಪ್ರಕಟಿಸಿದಾಗ ಇತಿಹಾಸಪ್ರಿಯರೂ ನಿಸರ್ಗಪ್ರಿಯರೂ ವಿರೋಧಿಸಿದರು; 2014ರ ವಿಶ್ವ ಸ್ಮಾರಕಗಳ ನಿಗಾ ಪಟ್ಟಿಗೂ ಅದು ಸೇರಿತು. ಆದರೂ ಮೂರೂವರೆ ಸಾವಿರಕ್ಕಿಂತ ಹೆಚ್ಚು ಸಮಾಧಿಗಳನ್ನು ತೆರವುಗೊಳಿಸಿ ರಸ್ತೆ ಮಾಡಿದರು. ಉಳಿದವುಗಳಿಗೆ ಇಂದಿಗೂ ಏಪ್ರಿಲ್ ಆರಂಭದ 'ಚಿಂಗ್ ಮಿಂಗ್' ಹಬ್ಬದ ಹೊತ್ತಿಗೆ ಮನೆಯವರು ಬಂದು, ಕಳೆ ಕಿತ್ತು, ಎಡೆ ಇಟ್ಟು ಹೋಗುತ್ತಾರೆ.