ಹೃದ್ರೋಗ ತಡೆಯುವ ಔಷಧಿಯ ಪರೀಕ್ಷೆಗೆ ಸಾವಿರಾರು ಜನ, ಹಲವು ವರ್ಷ ಏಕೆ ಬೇಕು?

ಬಿಪಿ ಇರುವ ನಿಮ್ಮ ತಾಯಿಯವರನ್ನು ಹುಬ್ಬಳ್ಳಿಯ ಆಸ್ಪತ್ರೆಯವರು ಇಂಥ ಔಷಧಿಯ ಐದು ವರ್ಷಗಳ ಅಧ್ಯಯನಕ್ಕೆ ಕರೆದಿದ್ದಾರೆ, ಇಷ್ಟು ಕಾಲ ಏಕೆ ಎಂದು ಕೇಳಿದ್ದೀರಿ. ಯಾವುದೇ ಒಂದು ವರ್ಷದಲ್ಲಿ ಹೃದಯಾಘಾತ ಆಗುವುದು ಕೆಲವೇ ಜನರಿಗೆ. ಆದ್ದರಿಂದ ಔಷಧಿಯಿಂದ ಅದು ತಪ್ಪಿತೆಂದು ಹೇಳಲು ಬಹಳ ಜನರನ್ನು ಬಹಳ ಕಾಲ ಗಮನಿಸಬೇಕಾಗುತ್ತದೆ. ನಿಮ್ಮ ತಾಯಿಯವರನ್ನು ಕರೆದಿರುವ ಅಧ್ಯಯನ ಐದು ವರ್ಷಗಳದ್ದಾಗಿರುವುದೂ ಇದೇ ಕಾರಣಕ್ಕೆ.

ಜ್ವರದ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಸಂಜೆಯೊಳಗೆ ತಿಳಿಯುತ್ತದೆ. ಆಗದೇ ಉಳಿದ ಹೃದಯಾಘಾತವಾದರೋ ಯಾರ ಕಣ್ಣಿಗೂ ಬೀಳುವುದಿಲ್ಲ, ಆ ಚಿಕಿತ್ಸೆ ಪಡೆದವರ ಮತ್ತು ಪಡೆಯದವರ ಎರಡು ಗುಂಪುಗಳ ಲೆಕ್ಕದ ಅಂತರದಲ್ಲಿ ಮಾತ್ರ ಕಾಣುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಸ್ಪ್ರಿಂಟ್ ಅಧ್ಯಯನದಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ, 50 ವರ್ಷ ಮೇಲ್ಪಟ್ಟ 9,361 ಜನರಿದ್ದರು. ಬಿಪಿಯ ಎರಡು ಅಂಕಿಗಳಲ್ಲಿ ಮೇಲಿನದನ್ನು 140ರ ಬದಲು 120ಕ್ಕಿಂತ ಕೆಳಗಿಳಿಸುವ ಗುರಿಯಿದ್ದ ಗುಂಪಿನಲ್ಲಿ ವರ್ಷಕ್ಕೆ ಶೇ. 1.65 ಜನರಿಗೆ, ಇನ್ನೊಂದರಲ್ಲಿ ಶೇ. 2.19 ಜನರಿಗೆ ಹೃದಯಾಘಾತ, ಪಾರ್ಶ್ವವಾಯು ಮುಂತಾದ ತೊಂದರೆಗಳಾದವು. ಗುಂಪಿಗೆ ನೂರೇ ಜನರಿದ್ದಿದ್ದರೆ ವರ್ಷದ ಕೊನೆಗೆ ಎರಡೂ ಕಡೆ ಹೆಚ್ಚುಕಡಿಮೆ ಇಬ್ಬಿಬ್ಬರು ಸಿಗುತ್ತಿದ್ದರು. ಅಷ್ಟರಿಂದ ಏನನ್ನೂ ಹೇಳಲಾಗದು.

ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ಆರಿಸುವುದಿಲ್ಲ, ಅದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಧಾರವಾಡದಲ್ಲಿ ದಿನಾ ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನ ಸುತ್ತುವವರೆಲ್ಲ ಒಂದೇ ಗುಂಪಿಗೆ ಸೇರಿದರೆ, ಲಾಭ ಔಷಧಿಯದೋ ನಡಿಗೆಯದೋ ತಿಳಿಯದು.

ಸಹಿ ಹಾಕುವ ಮೊದಲು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿಯೇ ಕೇಳಿ ಪಡೆಯಿರಿ. ಈಗಿನ ಬಿಪಿ ಮಾತ್ರೆ ಮುಂದುವರಿಯುವುದೇ ಎಂದು ವಿಚಾರಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಬೇಡವೆನಿಸಿದಾಗ, ಕಾರಣ ಹೇಳದೆಯೂ, ಅಧ್ಯಯನದಿಂದ ಹೊರಬರುವ ಹಕ್ಕು ತಾಯಿಯವರಿಗೆ ಇದೆ.