ತುಮಕೂರಿನಿಂದ ಹೋಗಿ ಕುದುರೆಮುಖ ಹತ್ತಲು ಹೇಗೆ ಸಿದ್ಧರಾಗಬೇಕು?

ದೇವರಾಯನದುರ್ಗವನ್ನು ಸಲೀಸಾಗಿ ಹತ್ತಿದವರಿಗೆ ಕುದುರೆಮುಖವೂ ಸುಲಭವೇ ಎಂದು ಕೇಳಿದ್ದೀರಿ, ಹಾಗೆ ಭಾವಿಸಬೇಡಿ. ನಮ್ಮ ಮಧುಗಿರಿಯಲ್ಲಿ ಬಿಸಿಲಿಗೆ ಕಾದ ಬೋಳು ಬಂಡೆಯ ಮೇಲೆ ಕಾಲಿಗೆ ಹಿಡಿತ ಸಿಕ್ಕರೆ ಆಯಿತು. ಆದರೆ ಕಳಸದ ಸಮೀಪದ ರಾಷ್ಟ್ರೀಯ ಉದ್ಯಾನದೊಳಗಿರುವ, ಸುಮಾರು 1,890 ಮೀಟರ್ ಎತ್ತರದ ಈ ಶಿಖರಕ್ಕೆ ಮುಳ್ಳೋಡಿ ಎಂಬ ಹಳ್ಳಿಯಿಂದ ಹೋಗಿಬರಲು, ಹಳ್ಳಗಳನ್ನು ದಾಟುತ್ತ, ಶೋಲಾ ಕಾಡು (ಬೆಟ್ಟದ ಕಣಿವೆಗಳಲ್ಲಿನ ದಟ್ಟ ನಿತ್ಯಹಸಿರು ಕಾಡು) ಮತ್ತು ಹುಲ್ಲುಗಾವಲುಗಳ ನಡುವೆ ಸುಮಾರು 20 ಕಿಲೋಮೀಟರ್ ನಡೆಯಬೇಕಾಗುತ್ತದೆ. ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಬೇಕು; ಶಿಖರದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲದ್ದರಿಂದ ಬೆಳಿಗ್ಗೆ ಬೇಗನೆ ಹೊರಡಿ. ಮಳೆಗಾಲದಲ್ಲಿ ಇಂಬಳಗಳು (ಕಾಡಿನ ಜಿಗಣೆಗಳು) ಕಾಲುಚೀಲದ ನೇಯ್ಗೆಯೊಳಗೂ ನುಸುಳುತ್ತವೆ. ಗಾಬರಿಯಿಂದ ಎಳೆಯದೆ, ಕಚ್ಚಿದ ಜಾಗಕ್ಕೆ ಉಗುರು ಒತ್ತಿ ಮೆಲ್ಲಗೆ ಬಿಡಿಸಿ. ನನ್ನ ಮಟ್ಟಿಗೆ, ಮಳೆ ಇಳಿದ ಮೇಲೂ ಹುಲ್ಲು ಹಸಿರಾಗಿಯೇ ಇರುವ ಅಕ್ಟೋಬರ್–ನವೆಂಬರ್ ತಿಂಗಳುಗಳೇ ಸೂಕ್ತ.