ಎರಡನೇ ಸಾಲಿನವರ ಬಟ್ಟೆ ನೋಡಿ

ಓದುಗರೊಬ್ಬರ ಪತ್ರದ ಸಾರ: "1950ರ ದಶಕದ ಹಾಲಿವುಡ್ ಚಿತ್ರಗಳೆಂದರೆ ನನಗೆ ಪ್ರಾಣ. ಅವನ್ನು ನೋಡಿ ನೋಡಿ ಆ ಕಾಲದ ಮಾದರಿಯ ಅಂಬ್ರೆಲಾ ಕಟ್ ಫ್ರಾಕ್ ಒಂದನ್ನು ತರಿಸಿಕೊಂಡೆ. ತೊಟ್ಟು ಕನ್ನಡಿ ಮುಂದೆ ನಿಂತರೆ ಪರದೆಯ ಮೇಲಿನ ಆ ಗತ್ತು ಇಲ್ಲವೇ ಇಲ್ಲ. ಗೆಳತಿಯರು ಫ್ಯಾನ್ಸಿ ಡ್ರೆಸ್ ಸ್ಪರ್ಧೆಯಾ ಅಂದರು. ನಿಜವಾದ ಹಳೆ ಬಟ್ಟೆಯನ್ನೇ ಹುಡುಕಬೇಕಿತ್ತಾ?"

ಸಂಪಾದಕರ ಉತ್ತರ:

ಮೊದಲು ಕನ್ನಡಿಯ ವಿಷಯ. ನಿಮ್ಮ ಮೈಕಟ್ಟನ್ನು ಸುಮ್ನೆ ಬೈದುಕೊಳ್ಳಬೇಡಿ. ನೀವು ತರಿಸಿದ್ದು ಅರ್ಧ ಉಡುಪು. ಇನ್ನರ್ಧ ಒಳಗಿರುತ್ತಿತ್ತು.

ಒಂದು ಲೆಕ್ಕ ಹಾಕೋಣ. ಸೊಂಟ 28 ಇಂಚು, ಸ್ಕರ್ಟಿನ ಉದ್ದ 27 ಇಂಚು ಅಂತಿಟ್ಟುಕೊಳ್ಳಿ. ಪೂರ್ತಿ ಅಂಬ್ರೆಲಾ ಕಟ್ ಆದರೆ ಕೆಳಗಿನ ಅಂಚಿನ ಸುತ್ತಳತೆ ಸುಮಾರು 198 ಇಂಚು, ಅಂದರೆ ಹದಿನಾರೂವರೆ ಅಡಿ! ಅಷ್ಟು ಬಟ್ಟೆ ತಾನಾಗಿ ಅರಳಿ ನಿಲ್ಲುತ್ತದಾ? ಜೋತುಬೀಳುತ್ತದೆ. ಅದಕ್ಕೇ ಒಳಗೆ ಪದರ ಪದರವಾಗಿ ನೆಟ್ಟಿನ ಪೆಟಿಕೋಟ್ ಇರುತ್ತಿತ್ತು. ಈಗ ನಾವು ಲಂಗದೊಳಗೆ ಹಾಕುವ ಕ್ಯಾನ್‌ಕ್ಯಾನ್ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ಅದು ಗಟ್ಟಿಯಾಗಿ ನಿಲ್ಲಲಿ ಅಂತ ಸಕ್ಕರೆ ನೀರಲ್ಲಿ ಅದ್ದಿ ಒಣಗಿಸುವವರೂ ಇದ್ದರು. ಸೊಂಟ ಸಣ್ಣಗೆ ಕಾಣಲು ಗರ್ಡಲ್ ಅನ್ನೋ ಬಿಗಿಯಾದ ಒಳ ಉಡುಪು ಬೇರೆ. ಗರ್ಡಲ್ ನಿಮಗೆ ಬೇಡ, ಊಟ ಮಾಡಿ ಕೂರಲೂ ಆಗುವುದಿಲ್ಲ. ಪೆಟಿಕೋಟ್ ಮಾತ್ರ ಹಾಕಿ ನೋಡಿ. ಅದೇ ಫ್ರಾಕ್ ಬೇರೆಯೇ ಕಾಣುತ್ತದೆ.

ಅಂದಹಾಗೆ, ಈ ಘೇರಿನ ಹುಚ್ಚಿಗೆ ಕಾರಣ ಎರಡನೇ ಮಹಾಯುದ್ಧ. 1942ರಲ್ಲಿ ಅಮೆರಿಕ ಸರ್ಕಾರ ಬಟ್ಟೆ ಉಳಿಸಲು ಎಲ್-85 ಅನ್ನೋ ಆದೇಶ ತಂದಿತು. ಅಂಚನ್ನು ಎರಡು ಇಂಚಿಗಿಂತ ಜಾಸ್ತಿ ಮಡಿಸುವಂತಿರಲಿಲ್ಲ. ವರ್ಷಗಟ್ಟಲೆ ಹಾಗೆ ಬಿಗಿಹಿಡಿದ ಮೇಲೆ, 1947ರ ಫೆಬ್ರವರಿ 12ರಂದು ಪ್ಯಾರಿಸ್‌ನಲ್ಲಿ ಫ್ಯಾಷನ್ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಸಣ್ಣ ಸೊಂಟದ, ಮೀಟರುಗಟ್ಟಲೆ ಬಟ್ಟೆಯ ಸ್ಕರ್ಟುಗಳನ್ನು ತೋರಿಸಿದ. ಅದಕ್ಕೆ 'ನ್ಯೂ ಲುಕ್' ಅನ್ನೋ ಹೆಸರು ಬಿತ್ತು. ಸಿನಿಮಾದಲ್ಲಿ ನೀವು ಮೆಚ್ಚಿದ ಆಕಾರ ಬಹುಪಾಲು ಅದೇ.

ಇನ್ನು ಗತ್ತಿನ ವಿಷಯ. ನಾಯಕಿಯ ಬಟ್ಟೆ ಬದುಕೋದಕ್ಕೆ ಹೊಲಿದದ್ದಲ್ಲ, ಕ್ಯಾಮೆರಾಗೆ ಹೊಲಿದದ್ದು. ಕಪ್ಪು-ಬಿಳುಪು ಚಿತ್ರದಲ್ಲಿ ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗಿ ಕಾಣಬಹುದು. ಹಾಗಾಗಿ ಬಣ್ಣ ಆರಿಸುವಾಗ ಅದು ಎಷ್ಟು ಗಾಢ ಬೂದು ಕೊಡುತ್ತದೆ ಅಂತ ನೋಡುತ್ತಿದ್ದರು. ಹಾಕಿಕೊಳ್ಳುವವರ ಇಷ್ಟ ಆಮೇಲೆ. ಬಣ್ಣದ ಚಿತ್ರದಲ್ಲೂ ಅಷ್ಟೇ. 1958ರ 'ವರ್ಟಿಗೋ'ದ ಆ ಬೂದು ಸೂಟ್ ನೆನಪಿದೆಯಾ? ಹೊಲಿಸಿದ್ದು ವಸ್ತ್ರವಿನ್ಯಾಸಕಿ ಈಡಿತ್ ಹೆಡ್, ಎಂಟು ಆಸ್ಕರ್ ಗೆದ್ದಾಕೆ. ನಾಯಕಿ ಕಿಮ್ ನೊವಾಕ್‌ಗೆ ಬೂದು ಬಣ್ಣ ಬಿಲ್‌ಕುಲ್ ಇಷ್ಟವಿರಲಿಲ್ಲ. ನಿರ್ದೇಶಕ ಹಿಚ್‌ಕಾಕ್ ಬಿಡಲಿಲ್ಲ. ಆ ಸೂಟಿನೊಳಗಿನ ಇರುಸುಮುರುಸೇ ಪಾತ್ರಕ್ಕೆ ಸಹಾಯವಾಯಿತು ಅಂತ ನೊವಾಕ್ ಮುಂದೆ ಹೇಳಿಕೊಂಡರು. ನಿಮಗೂ ನನಗೂ ಅಂಥ ಇರುಸುಮುರುಸಿನಿಂದ ಏನು ಲಾಭ ಹೇಳಿ?

ಅದಕ್ಕೇ ನನ್ನದೊಂದು ಅಭ್ಯಾಸ ಹೇಳುತ್ತೇನೆ. ಮುಂದಿನ ಸಲ ಸಿನಿಮಾ ನೋಡುವಾಗ ನಾಯಕಿಯನ್ನು ಬಿಟ್ಟು ಅವಳ ಹಿಂದೆ ಇರುವವರನ್ನು ನೋಡಿ. ಟೈಪಿಸ್ಟ್, ಟಿಕೆಟ್ ಕೊಡುವವಳು, ಬಸ್ಸಿಗೆ ಓಡುವ ಹೆಂಗಸು, ಪಕ್ಕದ ಮನೆ ಅತ್ತೆ. ಇಂಥವರ ಸ್ಕರ್ಟ್ ಮೆಟ್ಟಿಲು ಹತ್ತುತ್ತದೆ, ತೋಳು ಮೊಣಕೈವರೆಗೆ ಮಡಚಿದೆ, ಜೇಬಲ್ಲಿ ಕರವಸ್ತ್ರ. ಒಂದು ದೃಶ್ಯದಲ್ಲಿ ಗುಮಾಸ್ತೆಯೊಬ್ಬಳು ಮೇಲಿನ ಕಪಾಟಿಗೆ ಕೈಚಾಚಿದಾಗ ಕಂಕುಳಲ್ಲಿ ಚೂರೂ ಎಳೆಯದ ಬ್ಲೌಸ್ ಕಂಡೆ. ಸಿನಿಮಾ ನಿಲ್ಲಿಸಿ ನೋಡಿದರೆ ಅಲ್ಲೊಂದು ಚೌಕದ ತುಂಡು ಬಟ್ಟೆ ಸೇರಿಸಿ ಹೊಲಿದಿದ್ದರು. ನಮ್ಮ ಟೈಲರ್‌ಗೆ ತೋರಿಸಿ ನಾನೂ ಹಾಗೇ ಮಾಡಿಸಿಕೊಂಡೆ. ಇಂಥ ಬಟ್ಟೆ ತೊಟ್ಟರೆ ಯಾರೂ ಫ್ಯಾನ್ಸಿ ಡ್ರೆಸ್ ಅನ್ನುವುದಿಲ್ಲ. ಹ್ಯಾಟು, ಕೈಗವಸು, ಕೆಂಪು ಲಿಪ್‌ಸ್ಟಿಕ್ ಎಲ್ಲ ಒಟ್ಟಿಗೇ ಏರಿಸಿಕೊಂಡರೆ ಗೆಳತಿಯರ ಬಾಯಿ ನನ್ನ ಕೈಲಿಲ್ಲ!

ನಿಜವಾದ ಹಳೆಯದು ಬೇಕಾ ಅಂತ ಕೇಳಿದ್ದೀರಿ. ಬೇಕೆಂದರೆ ಹುಡುಕಿ, ಆದರೆ ಕಣ್ಣು ತೆರೆದು. ಪಕ್ಕದ ಹೊಲಿಗೆಯಲ್ಲಿ ಲೋಹದ ಜಿಪ್ ಇದ್ದರೆ ಒಳ್ಳೆಯ ಸೂಚನೆ. ಅಮೆರಿಕದಲ್ಲಿ ಒಗೆಯುವ ವಿಧಾನದ ಚೀಟಿ ಕಡ್ಡಾಯವಾದದ್ದು 1972ರಿಂದ, ಹಾಗಾಗಿ ಅಂಥ ಚೀಟಿ ಇರುವ ಅಮೆರಿಕದ ಫ್ರಾಕನ್ನು 1950ರದ್ದು ಅಂತ ಮಾರಿದರೆ ಅನುಮಾನಪಡಿ. ಸೈಜಿನ ನಂಬರ್ ನಂಬಲೇಬೇಡಿ, ಟೇಪ್ ಹಿಡಿಯಿರಿ. ನಾನು ನಂಬರ್ ನಂಬಿ ಕೊಂಡ ಹಳೆ ಕೋಟೊಂದು ಥಿಯೇಟರಿನ ಸೀಟಲ್ಲಿ ಕೂತ ಕೂಡಲೇ ಬೆನ್ನಲ್ಲಿ 'ಚರ್' ಅಂದಿತು. ದಾರವೂ ಲಡ್ಡಾಗಿತ್ತು ಅನ್ನಿ. ಸಿನಿಮಾ ಮುಗಿಯುವವರೆಗೂ ಗೋಡೆಗೆ ಒರಗಿದಂತೆ ಕೂತಿದ್ದೆ.

ಲೈನಿಂಗ್ ಕೂಡ ಮುಟ್ಟಿ ನೋಡಿ. ಆ ಕಾಲದ ಹೊಳೆಯುವ ಲೈನಿಂಗ್ ಎಷ್ಟೋ ಸಲ ಅಸಿಟೇಟ್, ಅಂದರೆ ಸೆಲ್ಯುಲೋಸ್‌ನಿಂದ ಮಾಡಿದ ರೇಷ್ಮೆಯಂಥ ಕೃತಕ ಬಟ್ಟೆ. ತಮಾಷೆ ಅಂದರೆ, 1950ರ ದಶಕದ ಶುರುವಿನಲ್ಲಿ ಬೆಂಕಿ ಹಿಡಿಯುವ ನೈಟ್ರೇಟ್ ಫಿಲಂ ಹೋಗಿ ಅದರ ಜಾಗಕ್ಕೆ ಬಂದದ್ದೂ ಸೆಲ್ಯುಲೋಸ್ ಅಸಿಟೇಟೇ. ನಾಯಕಿಯ ಬಟ್ಟೆಯ ಒಳಗೂ ಅದೇ, ಅವಳನ್ನು ಹಿಡಿದಿಟ್ಟ ರೀಲೂ ಅದೇ! ಸರಿಯಾಗಿ ಇಡದಿದ್ದರೆ ರೀಲು ವಿನೆಗರ್ ವಾಸನೆ ಹೊಡೆದು ಮುದುರುತ್ತದೆ. ಲೈನಿಂಗ್ ಮೇಲೆ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಒಂದು ಹನಿ ಬಿದ್ದರೆ ತೂತು.

ಸದ್ಯಕ್ಕೆ ನಿಮ್ಮ ಹೊಸ ಫ್ರಾಕ್ ಸಾಕು. ಪೆಟಿಕೋಟ್ ಹೊಲಿಸುವ ಮುಂಚೆ ಫ್ರಾಕನ್ನು ಒಮ್ಮೆ ಒಗೆದು, ಒಂದು ರಾತ್ರಿ ಹ್ಯಾಂಗರಿಗೆ ನೇತುಹಾಕಿ. ಅಂಬ್ರೆಲಾ ಕಟ್ ನೇಯ್ಗೆ ಓರೆಯಾಗಿರುವ ಭಾಗಗಳಲ್ಲಿ ಇಳಿಯುತ್ತದೆ. ಬೆಳಿಗ್ಗೆ ನೋಡಿದರೆ ಅಂಚು ಅಲ್ಲಲ್ಲಿ ಉದ್ದ ಆಗಿರಬಹುದು. ಅದನ್ನು ಸಮ ಮಾಡಿಸಿ, ಪೆಟಿಕೋಟಿನ ಅಳತೆ ಆಮೇಲೆ ಕೊಡಿ.